ಇಂಜಿನ್ ಏನಂತದ ಹೇಳು

ನಮ್ಮಣ್ಣನ ಕಿವಿ ಹೋಗ್ಯಾವ ಅನ್ನೋದು ನನಗ ಗೊತ್ತಾಗಿದ್ದು ಒಂದು ಹರಿದ ರಬ್ಬರ್ ಪೈಪಿನಿಂದ. ಟರ್ಬೋದಿಂದ ಇಂಜಿನ್ನಿಗ ಗಾಳಿ ಒಯ್ಯೋ ಪೈಪು ಅದು. ಬಸವಕಲ್ಯಾಣ ಬಿಟ್ಟಾಗಿಂದ ಹುಮನಾಬಾದ ಮುಟ್ಟೋತನಕ ನನ್ನ ಕಾರು ಸೀಟಿ ಊದ್ಕೋತ ಬಂದಿತ್ತು. ದಾರಿ ಬಾಜೂಕಿನ ಎಮ್ಮಿ ಸೈತ ತಿರುಗಿ ನೋಡಿದ್ವು. ಅಣ್ಣನ ಗ್ಯಾರೇಜ್ ಮುಂದ ನಿಲ್ಲಿಸಿ, ಅವಗ ಕೇಳಲಿ ಅಂತ ಆಕ್ಸಿಲೇಟರ್ ಜೋರಾಗಿ ಒತ್ತಿದೆ. ಅವ ಬಾನೆಟ್ ಎತ್ತಿ, ಬಗ್ಗಿ ನಿಂತು, "ಏನೂ ಇಲ್ಲ ತಂಗೀ, ಚಲೋ ಅದ," ಅಂದ.

"ಮಸ್ಕಿರಿ ಮಾಡಬ್ಯಾಡೋ ಅಣ್ಣಾ," ಅಂತ ನಗಾಕ ಹೋದೆ. ಅವನ ಮಾರಿ ನೋಡಿದ್ರ ಮಸ್ಕಿರಿ ಇರಲಿಲ್ಲ. ಅಂಗಳದಾಗ ಚಾ ಕುಡಕೋತ ಕುಂತು, ಹೈವೇದಾಗ ಹೋಗೋ ಲಾರಿಯ ಯಾವ ಗಾಲಿ ಬೇರಿಂಗ್ ಹೋಗ್ಯದ ಅಂತ ಹೇಳ್ತಿದ್ದ ಮನುಷ್ಯ ಅವ. ನಾನು ಬೆರಳಿಲೆ ಹರಿದ ಜಾಗ ತೋರಿಸಿದೆ. "ಹೌದಲ್ಲ," ಅಂದು ಪೈಪ್ ಬದಲಿ ಮಾಡಿದ. ನನ್ನ ಮಾರಿ ನೋಡಲಿಲ್ಲ. ಚಾ ತಂದ ಅಣ್ಣನ ಹೆಂಡ್ತಿ, ನಮ್ಮ ವೈನಿ, ಬಾಗಿಲದಾಗೇ ನಿಂತು ನೆಲ ನೋಡಾಕತ್ತಿದ್ಳು. ನನಗ ಗೊತ್ತಾತು ಅನ್ನೋದು ಮೂರೂ ಮಂದಿಗ ತಿಳೀತು.

ನಾನು ಕೊಹಿನೂರ ಕಡೆ ಒಂದು ಶಾಲಿಯಾಗ ಟೀಚರ್. ಕಾರು ಇಪ್ಪತ್ತು ವರ್ಷ ದಾಟಿದ ಡೀಸೆಲ್ ಟರ್ಬೋ, ಅಣ್ಣನೇ ಹುಡುಕಿ ಕೊಡಿಸಿದ್ದು. ಜೊತಿ ಟೀಚರಮ್ಮಗೋಳು ಮೂರು ಮಂದಿ ಕುಂತು ಎಸಿ ಹಾಕಿದ್ರ ಸಾಕು, ಕಬ್ಬಿನ ಟ್ರ್ಯಾಕ್ಟರ್ ಹಿಂದ ಹಾಕಲಾರದ ತೇಕಾಕ ಹತ್ತುತಿತ್ತು. "ಇದು ಸಾಕ್ರಿ ಟೀಚರ್, ಹೊಸಾದು ತಗೋರಿ," ಅಂತ ಅವರು ನಗ್ತಿದ್ರು. ನನ್ನ ಸಿಟ್ಟು ಮೊದಲೇ ಮೂಗಿನ ತುದಿ ಮ್ಯಾಲೆ. ಇದೇ ಕಾರಿಗ ಶಕ್ತಿ ತುಂಬಿಸಿ ನಿಮಗ ತೋರಸ್ತೀನಿ ನಿಲ್ರಿ ಅಂದೆ.

ಐತವಾರಕ್ಕೊಮ್ಮೆ ಹುಮನಾಬಾದಕ್ಕ ಹೋಗೋದು, ಅಣ್ಣನ ಜೋಡಿ ಪ್ಲಾನ್ ಹಾಕೋದು. ಶಾಲಿಯಿಂದ ಸುಣ್ಣದ ಕಡ್ಡಿ ಒಯ್ದು, ಗ್ಯಾರೇಜಿನ ತಗಡಿನ ಬಾಗಿಲ ಒಳಮೈ ಮ್ಯಾಲ ಅವ ಹೇಳಿದಂಗ ಬರದೆ. ಮೊದಲು ಬ್ರೇಕ್. ಆಮ್ಯಾಲ ಕ್ಲಚ್. ಆಮ್ಯಾಲ ಗಾಳಿ ತಣ್ಣಗ ಮಾಡೋ ಇಂಟರ್‌ಕೂಲರ್ ದೊಡ್ಡದು. ಕಟ್ಟಕಡೀಕ ಟರ್ಬೋದ ಒತ್ತಡ ಏರಿಸಿ, ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚು ಬಿಡೋದು. "ಕಡೀದ್ದೇ ಮೊದಲ ಮಾಡೋ, ಬ್ರೇಕ್ ಆಮ್ಯಾಲ ನೋಡೋಣು," ಅಂತ ನಾ ಹಟ ಹಿಡದ್ರ, "ನಿಲ್ಲಲಾರದ ಗಾಡಿಗ ಶಕ್ತಿ ಕೊಟ್ಟು ನಿನ್ನ ಕೊಲ್ಲಲೇನು?" ಅಂತಿದ್ದ.

ಉದ್ದನ ಸ್ಕ್ರೂಡ್ರೈವರಿನ ತುದಿ ಇಂಜಿನ್ ಮ್ಯಾಲ ಇಟ್ಟು, ಕಟಗಿ ಹಿಡಿಕಿ ಕಿವಿಗ ಒತ್ತಿ ಕೇಳೋದು ಅವನ ಪದ್ಧತಿ. ಎರಡು ವರ್ಷದಿಂದ ಅದನ್ನ ನನ್ನ ಕೈಯಾಗ ಕೊಡಾಕತ್ತಿದ್ದ. "ಇಂಜಿನ್ ಏನಂತದ ಹೇಳು."

"ಟರ್ ಅಂತದ! ನಾ ಏನ್ ಮೆಕ್ಯಾನಿಕ್ ಏನು?"

"ಹಂಗಲ್ಲ. ಎಷ್ಟನೇ ಸಿಲಿಂಡರ್? ಟಕ್ ಟಕ್ ಏನು ಗರ್ ಗರ್? ಬಿಸಿ ಆದ ಮ್ಯಾಲ ಕಡಿಮಿ ಆಗ್ತದೋ ಇಲ್ಲೋ? ಖರೆ ಹೇಳು."

ಸೀರಿಗ ಗ್ರೀಸ್ ಹತ್ತಿದ್ರ ಬಯ್ಕೋತ ಕೇಳ್ತಿದ್ದೆ. ನನ್ನ ಕಾಡಸಾಕತ್ಯಾನ ಅಂತ ತಿಳಕೊಂಡಿದ್ದೆ. ಖರೆ ಹೇಳಬೇಕಂದ್ರ ಬರಬರತ ಸಪ್ಪಳದ ಗುರುತು ಹತ್ತಿತ್ತು, ಆದ್ರ ಅದನ್ನ ಅವನ ಮುಂದ ಒಪ್ಪಿಕೊಳ್ಳಾಕ ನನ್ನ ಜಂಬ ಬಿಡಲಿಲ್ಲ.

ಪೈಪಿನ ದಿನದ ಹೊತ್ತಿಗ ಬಾಗಿಲ ಮ್ಯಾಲಿನ ಸಾಲೆಲ್ಲ ಮುಗಿದು ಕಡೀದೊಂದೇ ಉಳದಿತ್ತು. ಅದು ಬರೇ ಕಿವಿ ಮ್ಯಾಲ ನಡಿಯೋ ಕೆಲಸ. ಸ್ಕ್ರೂ ಒಂದಿಷ್ಟು ಹೆಚ್ಚು ತಿರುಗಿದ್ರ ಇಂಜಿನ್ ಸುಟ್ಟು ಹೋಗ್ತದ. ಕಿವಿ ಕೇಳಲಾರದವ ಹ್ಯಾಂಗ ಮಾಡ್ಯಾನು ಅಂತ ನನಗ ಹೆದರಿಕಿ. "ಅಣ್ಣಾ, ನಿನಗ ಕೇಳಸ್ತದೇನೋ?" ಅಂತ ಒಂದು ಮಾತು ಕೇಳಿದ್ರ ಮುಗೀತಿತ್ತು. ಕೇಳಲಿಲ್ಲ. ಅವನ ಮನಸ್ಸಿಗ ನೋವಾಗ್ತದ ಅಂತ ನೆಪ ಮಾಡ್ಕೊಂಡೆ.

ಮೈಯಾಗ ಹುಷಾರಿಲ್ಲ ಅಂತ ಅವಗ ಸುಳ್ಳು ಹೇಳಿ, ಒಂದು ರಜಾದಿನ ಹೈದರಾಬಾದಿಗ ಹೋದೆ. ಅಲ್ಲಿ ಒಂದು ಗ್ಯಾರೇಜಿನವರು ಗಾಲಿ ಕೆಳಗ ರೋಲರ್ ಇಟ್ಟು, ಕಾರು ನಿಂತಲ್ಲೇ ಓಡಿಸಿ, ಕಂಪ್ಯೂಟರ್ ಪರದೆ ನೋಡ್ಕೋತ ಸ್ಕ್ರೂ ತಿರುವಿದ್ರು. ವಾಪಸ್ ಬರಬೇಕಾದ್ರ, ಅಬಬಬ, ಅದರ ಎಳತ! ಲಾರಿ, ಬಸ್ಸು ಎಲ್ಲಾ ಹಿಂದ. ಕಾರಿನಾಗ ಒಬ್ಬಾಕಿನೇ ಹುಚ್ಚಿ ಹಂಗ ನಕ್ಕೆ. ಮನ್ನಾಏಖೇಳ್ಳಿಯಾಗ ಚಾ ಕುಡ್ಯಾಕ ನಿಂತು ಬಾನೆಟ್ ಎತ್ತಿದ ಮ್ಯಾಲ ನಗು ಹಾರಿಹೋತು.

ನಮ್ಮಣ್ಣ ತಾ ಬಿಗಿದ ಪ್ರತಿ ಸ್ಕ್ರೂಕ್ಕ ವೈನಿಯ ನೇಲ್‌ಪಾಲಿಶಿಲೆ ಒಂದು ಕೆಂಪು ಚುಕ್ಕಿ ಇಡ್ತಿದ್ದ. ಸ್ಕ್ರೂ ಯಾರರೆ ತಿರುವಿದ್ರ ಚುಕ್ಕಿ ಒಡೀತದ. ಪಂಪಿನ ಚುಕ್ಕಿ ಒಡದು, ಅದರ ಮ್ಯಾಲ ಹೈದರಾಬಾದಿನವರ ಬಿಳೇ ಬಣ್ಣ ಕುಂತಿತ್ತು. ನಾನು ಶಾಣ್ಯಾಕಿ ನೋಡ್ರಿ! ಅಲ್ಲೇ ಬಳೆ ಅಂಗಡಿಯಾಗ ಕೆಂಪು ನೇಲ್‌ಪಾಲಿಶ್ ತಗೊಂಡು, ಹೇರ್‌ಪಿನ್ನಿಲೆ ಬಿಳೇದು ಕೆರದು, ಹೊಸ ಚುಕ್ಕಿ ಇಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದಿನ ಐತವಾರ ಆಯಿಲ್ ಬದಲಿಗ ಹೋದಾಗ, "ಕಡೀ ಕೆಲಸ ಬ್ಯಾಡ ಬಿಡೋ ಅಣ್ಣಾ, ಇಷ್ಟು ಶಕ್ತಿ ಸಾಕು," ಅಂದೆ. ಅವ ಅರಿವೀಲೆ ಪಂಪ್ ಒರಸಾಕತ್ತಿದ್ದವ ನಿಂತ. ಬಗ್ಗಿ, ಉಗುರಿಲೆ ಚುಕ್ಕಿ ಮುಟ್ಟಿದ.

"ಇದು ನಿಮ್ಮ ವೈನಿ ಬಣ್ಣ ಅಲ್ಲ," ಅಂದ.

ಹೈದರಾಬಾದಿಗ ಹೋಗಿದ್ದೆ ಅಂತ ಒಪ್ಪಿಕೊಂಡೆ. ಅವ ಕಾರು ತಗೊಂಡು ಹೈವೇ ಮ್ಯಾಲ ಒಂದು ಸುತ್ತು ಹೋಗಿ ಬಂದು, ಕೀಲಿ ನನ್ನ ಕೈಯಾಗ ಇಟ್ಟು, "ಚಲೋ ಮಾಡ್ಯಾರ," ಅಂದ. ಕಪಾಳಕ್ಕ ಹೊಡದಿದ್ರ ತಡಕೋತಿದ್ದೆ. "ಬಯ್ಯೋ ನನಗ, ಸುಮ್ಮ ನಿಂದ್ರಬ್ಯಾಡ!" ಅಂತ ಅಳಾಕತ್ತಿದೆ. ಅವ ನನ್ನ ತುಟಿ ನೋಡಾಕತ್ತಿದ್ದ.

"ಡಾಕ್ಟರ್ ಹೇಳಿ ಎರಡು ವರ್ಷ ಆತು," ಅಂದ. "ಕಿವಿಗ ಮಿಷನ್ ಹಾಕ್ಕೊಂಡ್ರ ಮಾತು ಒಂದಿಷ್ಟು ಕೇಳಸ್ತದ, ಇಂಜಿನ್ ಅಂದ್ರ ಬರೇ ಗದ್ದಲ. ಆವಾಗೇ ಈ ಕೆಲಸ ಬಿಡೋನಿದ್ದೆ. ನಿನ್ನ ಕಿವಿ ಅದಾವಲ್ಲ ಅಂತ ಬಿಡಲಿಲ್ಲ. ನೀ ಹೇಳೋದು, ನಾ ತಿರುವೋದು. ಬಾಗಿಲ ಮ್ಯಾಲಿನ ಕಡೀ ಸಾಲಿಗ ಅಂತ ಅಷ್ಟು ಕಲಿಸಿದ್ದೆ."

ನಾ ಬಯ್ಕೋತ ಕೇಳಿದ ಐತವಾರಗೋಳೆಲ್ಲ ಒಮ್ಮೆಲೆ ಎದಿ ಮ್ಯಾಲ ಬಂದು ಕುಂತ್ವು. ಮೊದಲ ಯಾಕ ಹೇಳಲಿಲ್ಲೋ ಅಂತ ಕೇಳಾಕ ನನಗ ಯಾವ ಬಾಯಿ ಇತ್ತು? ನಾ ಏನ್ ಹೇಳಿದ್ದೆ ಅವಗ?

ಈಗ ಅವನ ಗ್ಯಾರೇಜಿನಾಗ ಟೈರ್, ಗ್ರೀಸು, ಇಷ್ಟೇ. ಇಂಜಿನ್ ಅಂತ ಯಾರರೆ ಬಂದ್ರ ಬ್ಯಾರೆ ಕಡೆ ಕಳಸ್ತಾನ. ನನ್ನ ಕಾರು ಗಾಳಿ ಹಂಗ ಹೋಗ್ತದ. ಟೀಚರಮ್ಮಗೋಳು ಭೇಷ್ ಅಂತಾರ. ನನಗ ಅದರ ಓಟ ಕಂಡ್ರ ಹೇಸಿಗಿ ಬರ್ತದ.

ಹೋದ ಐತವಾರ ಗೂಟಕ್ಕಿದ್ದ ಸ್ಕ್ರೂಡ್ರೈವರ್ ನಾನೇ ತಗೊಂಡು ಇಂಜಿನ್ನಿಗ ಹಚ್ಚಿ ಕೇಳಿದೆ. ಆಮ್ಯಾಲ ಅಣ್ಣನ ಎದುರಿಗೆ ಹೋಗಿ, ಅವಗ ನನ್ನ ಬಾಯಿ ಕಾಣೋಹಂಗ ನಿಂತು, ನಿಧಾನಕ ಹೇಳಿದೆ: "ಮೂರನೇ ಸಿಲಿಂಡರ್ ಟಕ್ ಟಕ್ ಅನ್ನಾಕತ್ತದ ಅಣ್ಣಾ. ಬಿಸಿ ಆದ ಮ್ಯಾಲೂ ನಿಲ್ಲವಲ್ದು."

ಅವ ಕಡೀತನಕ ನನ್ನ ತುಟಿ ನೋಡಿದ. ಅವನ ಕೈ ನಟ್ಟು ಬಿಚ್ಚೋ ಪಾನಾದ ಕಡೆ ಒಂದಿಷ್ಟು ಹೋಗಿ ನಿಂತು ಹಿಂದಕ್ಕ ಬಂತು.

"ಹೈದರಾಬಾದಿಗ ಒಯ್ದು ತೋರಸು ತಂಗೀ," ಅಂದು ಟೈರ್ ಉರುಳಿಸ್ಕೋತ ಆ ಕಡೆ ಹೋದ.