ಗೋಕಾಕದಲ್ಲಿ ಮಾಮಾ ತೋರಿಸಿದ ಊರು

ಮೂಡಲಗಿ ಸಂತೆಯ ಆಚೆ ಕಾಲಿಡದ ನಮಗೆ, ಕುಲಗೋಡದವರಿಗೆ, ಆಗ ದೊಡ್ಡ ಶಹರವೆಂದರೆ ಗೋಕಾಕವೇ. ಅವ್ವನ ತಮ್ಮ, ನಮ್ಮ ಮಾಮಾ, ಅಲ್ಲಿ ಅರಿವೆ ಅಂಗಡಿಯಲ್ಲಿ ಗುಮಾಸ್ತ. ಮಾಲಕನ ಕೈಲಿ ಬೈಸಿಕೊಂಡದ್ದನ್ನೆಲ್ಲ ಹಳ್ಳಿಯಿಂದ ಬಂದ ನೆಂಟರ ಮೇಲೆ ತೀರಿಸಿಕೊಳ್ಳುವ ಆಸಾಮಿ. ಅವನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಅಕ್ಕನಿಗೆ ಗಂಡು ಹುಡುಕಿದವನು ಅವನೇ. ಗಂಡಿನ ಮನೆ ನೋಡಲು ಅಪ್ಪ ಹೊರಟಾಗ, ಊರು ನೋಡಿದಂತಾಗಲಿ ಎಂದು ಅಕ್ಕನನ್ನೂ ನನ್ನನ್ನೂ ಅವ್ವನನ್ನೂ ಗಾಡಿ ಹತ್ತಿಸಲು ಮಾಮಾ ಹೇಳಿ ಕಳಿಸಿದ್ದ. ನಾವೋ ನೀರು ಧುಮುಕುವ ಧಬಧಬಿ ನೋಡುತ್ತೇವೆಂದು ದಾರಿಯುದ್ದಕ್ಕೂ ಕುಣಿದೆವು.

"ಧಬಧಬಿ ಎಲ್ಲಾರೂ ನೋಡ್ತಾರ ಮಾವಾರ," ಎಂದ ಮಾಮಾ ಅಪ್ಪನಿಗೆ. "ಊರಾಗ ಇದ್ದವರಿಗೂ ಗೊತ್ತಿರಲಾರದ ಜಾಗಾ ತೋರಸ್ತೇನಿ, ಬರ್ರಿ."

ಸುಡುಬಿಸಿಲಲ್ಲಿ ಗುಡ್ಡದ ಹಿಂದಿನ ಒಂದು ಬಂಡೆಗೆ ಹತ್ತಿಸಿದ. ಅಲ್ಲಿಂದ ನೀರು ಕಾಣುವುದಿಲ್ಲ, ಬರೀ ಸಪ್ಪಳ. ನೀರು ನೋಡಲು ಬಂದವರಿಗೆ ಸಪ್ಪಳ ತೋರಿಸಿದ ಪುಣ್ಯಾತ್ಮ! ಅವ್ವನ ಅಂಗಾಲಲ್ಲಿ ಬೊಬ್ಬೆ ಎದ್ದವು. ಅಲ್ಲಿಂದ ನೇರ ಗಂಡಿನ ಮನೆಗೆ ಕರೆದೊಯ್ದ.

ಪಡಸಾಲೆಯಲ್ಲಿ ಕತ್ತಲೆ, ತಂಪು. ಗಂಡಿನ ತಾಯಿ, ಹುಕ್ಕೇರಿ ಕಡೆಯ ಹೆಂಗಸು, ತಾಟಿನಲ್ಲಿ ಪೇರಲಹಣ್ಣು ತಂದು ಅಪ್ಪನ ಮುಂದಿಟ್ಟಳು. "ತಗೋರಿ ಬೀಗರ, ದಣದ ಬಂದೀರಿ."

ಅಪ್ಪ ಕಟ್ಟುನಿಟ್ಟಿನ ಮನುಷ್ಯ. ನೀರೂ ಲಿಂಗಕ್ಕೆ ತೋರಿಸದೆ ಕುಡಿದವನಲ್ಲ. ಒಮ್ಮೆ ತೋರಿಸಿದರೆ ಅದು ಪ್ರಸಾದ, ಉಗುಳಬಾರದು, ಬಿಡಬಾರದು. ಕಣ್ಣು ಮುಚ್ಚಿ, ಹಣ್ಣನ್ನು ಎದೆಯ ಮೇಲಿನ ಲಿಂಗಕ್ಕೆ ತೋರಿಸಿ, ಹಾಗೆಯೇ ಕಚ್ಚಿದ. ಕಟುಂ ಎಂದಿತು. ಅದು ಬಣ್ಣ ಹಚ್ಚಿದ ಮಣ್ಣಿನ ಹಣ್ಣು.

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಮೊದಲು ನಕ್ಕವನು ಮಾಮಾ. ಕಂಬಕ್ಕೆ ಒರಗಿದ್ದ ಗಂಡು ಬಾಯಿಗೆ ಶಲ್ಯ ಹಿಡಿದು ನಕ್ಕ; ಅಕ್ಕ ಅದನ್ನು ನೋಡಿದಳು. ಬೇರೆಯವರಾಗಿದ್ದರೆ ಥೂ ಎಂದು ಉಗುಳಿ ತಾವೂ ನಗುತ್ತಿದ್ದರು. ಅಪ್ಪ ಉಗುಳಲಿಲ್ಲ. ಬಾಯಲ್ಲಿದ್ದದ್ದನ್ನು ಅಗಿದ. ತುಟಿಗೆ ಹಸಿರು ಬಣ್ಣ, ಅದರ ಜೊತೆ ರಕ್ತ. ಕೈಯಲ್ಲಿ ಉಳಿದ ಚೂರುಗಳನ್ನೂ ತಿಂದ. ನೀರು ಕುಡಿದು ಕೈಮುಗಿದ.

"ನಾ ಹೇಳಿದ್ದಿಲ್ಲೇನ್ರಿ, ನಮ್ಮ ಮಾವ ತಿಂದ ಬಿಡ್ತಾನಂತ?" ಎಂದ ಮಾಮಾ. ಎಲ್ಲ ಇವನದೇ ಕಾರಭಾರ!

ಗಂಡಿನ ತಾಯಿ ನಕ್ಕು ನೀರಾಡಿದ ಕಣ್ಣೊರೆಸಿಕೊಂಡು ಹೇಳಿದಳು, "ಇಂಥಾ ಮನಿತನಾನ ಬೇಕಾಗಿತ್ರಿ ನಮಗ. ಮಗಳೂ ಹಿಂಗ ಕೊಟ್ಟದ್ದು ನುಂಗ್ಕೊಂಡ ಹೋದ್ರ ಸಾಕು. ಏನಂತೀರಿ?"

ಅಪ್ಪ ಅವ್ವನ ಕಡೆಗೂ ನೋಡಲಿಲ್ಲ. "ಆಗಲ್ರಿ," ಎಂದ.

ಅಷ್ಟಕ್ಕೂ ಮಾಮಾನಿಗೆ ತೃಪ್ತಿಯಾಗಲಿಲ್ಲ. ಆಟಿಗೆ, ಗೊಂಬೆ ಮಾಡುವವರ ಓಣಿಗೆ ಕರೆದೊಯ್ದ. ಕಟ್ಟೆಗಳ ಮೇಲೆ ಮಾವು, ಪೇರಲ, ಬಾಳೆ, ಎಲ್ಲ ಮಣ್ಣಿನವು, ಸಾಲಾಗಿ ಒಣಗುತ್ತಿದ್ದವು. ಚೆಂದವೇ ಇದ್ದವು, ಸುಳ್ಳೇಕೆ ಹೇಳಲಿ. "ಇವರ ನೋಡ್ರಿ, ನಿಮ್ಮ ಹಣ್ಣ ತಿಂದ ಗಿರಾಕಿ!" ಎಂದು ಅಪ್ಪನನ್ನು ತೋರಿಸಿದ. ಬಣ್ಣ ಹಚ್ಚುತ್ತಿದ್ದ ಮುದುಕನೊಬ್ಬ ಮಾತ್ರ ನಗದೆ ತಲೆ ತಗ್ಗಿಸಿದ.

ಊರು ದಾಟಿದ ಮೇಲೆ ಅಕ್ಕ ಗಾಡಿಯಿಂದ ಧುಮುಕಿ ದಾರಿಗೆ ಅಡ್ಡ ನಿಂತಳು. "ಎಪ್ಪಾ, ನಾ ಒಲ್ಲೆ. ಆ ಮನಿಗೆ ನನ್ನ ಕೊಡಬ್ಯಾಡ. ನಿನ್ನ ನೋಡಿ ಅಂವಾನೂ ನಕ್ಕಾನ."

"ಮಾತು ಕೊಟ್ಟೇನವಾ," ಎಂದ ಅಪ್ಪ. "ಕೊಟ್ಟದ್ದು ತಿರುಗಿ ತಗೊಳ್ಳಾಕ ಬರೂದಿಲ್ಲ."

"ಒಲ್ಲೆ, ಒಲ್ಲೆ" ಎಂದು ಕೂಗಿದಳು. ಅಪ್ಪ ಎತ್ತುಗಳ ಬೆನ್ನಿಗೆ ಕೈಹಾಕಿ ಕುಳಿತ. ಅವ್ವ ಇಳಿದು, ರಟ್ಟೆ ಹಿಡಿದು ಅವಳನ್ನು ಮೇಲೆ ಎಳೆದುಕೊಂಡಳು. ಆ ಸುಗ್ಗಿ ಮುಗಿಯುತ್ತಲೇ ಮದುವೆಯಾಯಿತು.

ಮೊದಲ ಪಂಚಮಿಗೆ ಅವಳನ್ನು ಕರೆಯಲು ಅಪ್ಪ ಹೊರಟಾಗ ನಾನೂ ಹೋದೆ. ತವರಿಗೆ ಹೋಗಲು ಹೆಣ್ಣುಮಕ್ಕಳು ಜೀವ ಹಿಡಿದುಕೊಂಡು ಕಾಯುವ ಹಬ್ಬ. ಅತ್ತೆ ಕೂಡ "ಕರಕೊಂಡ ಹೋಗ್ರಿ, ಬ್ಯಾಡ ಅಂದವರ್ಯಾರು?" ಎಂದಳು. ಅಕ್ಕ ಬಾಗಿಲಿಗೆ ಬಂದಳು. ಸೊರಗಿ ಇಳಿದುಹೋಗಿದ್ದಳು. ನನ್ನ ತಲೆ ನೇವರಿಸಿ, ಅಪ್ಪನ ಮುಖ ನೋಡಿಯೇ ಹೇಳಿದಳು:

"ಅವತ್ತ ಒಲ್ಲೆ ಅಂದದ್ದು ನಿನಗ ಕೇಳಸಲಿಲ್ಲ. ಇವತ್ತರ ಕೇಳಿಸ್ಕೋ. ನಿನ್ನ ಮನಿಗೆ ಬರಾಕ ನಾ ಒಲ್ಲೆ."