ಮೂವರ ಜೊತೆಗೊಂದು ಕಲ್ಲು

ದೊಡ್ಡವಳೇ, ಸಣ್ಣವನೇ,

ಹೋದ ವಾರ ನನ್ನ ಕಣ್ಣು ತೋರಿಸಲು ಹೋದಾಗ ಆಸ್ಪತ್ರೆಯಲ್ಲಿ ಹನ್ನೆರಡನೇ ಕೋಣೆಯ ಪಕ್ಕದ ಬಾಗಿಲಿಗೆ ಹದಿನಾಲ್ಕು ಎಂದು ಬರೆದಿತ್ತು. ಹದಿಮೂರಕ್ಕೆ ಹೊರದೇಶದವರು ಅಂಜುತ್ತಾರೆ, ಚೀನಾದವರು ನಾಲ್ಕಕ್ಕೆ ಅಂಜುತ್ತಾರೆ ಎಂದು ದೊಡ್ಡವಳು ಫೋನಿನಲ್ಲಿ ನೋಡಿ ಹೇಳಿದಳು. ಸತ್ಯನಾರಾಯಣಪೇಟೆಯ ಮನೆಗೆ ವಾಪಸು ಬರುವಾಗ ಆಟೋದ ಗಾಜಿನ ಮೇಲೆ ೭೮೬ ಎಂದು ಬರೆದಿತ್ತು. ಅದು ತಮಗೆ ಬರಕತ್ತಿನ, ಅಂದರೆ ಶುಭದ ಸಂಖ್ಯೆ ಎಂದರು ಆಟೋದವರು.

"ಅಜ್ಜಿ, ನಿನಗ ಯಾವ ನಂಬರ್ ಅಂದ್ರ ಅಂಜಿಕಿ?" ಎಂದು ಸಣ್ಣವನು ಕೇಳಿದ. ನಿಮ್ಮಪ್ಪ ಪಕ್ಕದಲ್ಲೇ ಇದ್ದ, ನಾನು ಬೇರೆ ಮಾತು ತೆಗೆದೆ. ಬಾಯಿಂದ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಅಂಜಿಕೆ ಮೂರಕ್ಕೆ. ತಾಟಿಗೆ ಮೂರು ರೊಟ್ಟಿ ಹಾಕುತ್ತಿರಲಿಲ್ಲ. ಹಾಕಲೇಬೇಕಾದರೆ ಒಂದನ್ನು ಮುರಿದು ಹಾಕುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಮೂವರು ಹೊರಡುವಂತಿರಲಿಲ್ಲ. ನಾಲ್ಕನೆಯವರು ಸಿಗದಿದ್ದರೆ ಚೀಲದಲ್ಲಿ ಒಂದು ಕಲ್ಲು ಹಾಕಿಕೊಳ್ಳುತ್ತಿದ್ದರು. ಅದೇ ನಾಲ್ಕನೆಯವರು.

ಆಗ ನಾವು ಸಿರುಗುಪ್ಪದಲ್ಲಿದ್ದೆವು. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ನಿಮ್ಮಪ್ಪನಿಗೆ ಕುರುಗೋಡಿನಲ್ಲಿ ಹೆಣ್ಣು ನೋಡಲು ನಿಮ್ಮ ತಾತನ ಅಣ್ಣನಾದ ನನ್ನ ಭಾವ, ನನ್ನ ನೆಗೆಣ್ಣಿಯಾದ ಅವರ ಹೆಂಡತಿ, ನಿಮ್ಮಪ್ಪ ಹೊರಟರು. ಮೂವರು ಬರುತ್ತೇವೆಂದು ಹೆಣ್ಣಿನವರಿಗೆ ಹೇಳಿ ಕಳಿಸಿದ್ದರು. ಗಂಡ ಇಲ್ಲದವಳು ಇಂಥ ಕೆಲಸಕ್ಕೆ ಬರಬಾರದು, ಹಾಗಾಗಿ ನನ್ನನ್ನು ಕರೆಯುವ ಮಾತೇ ಬರಲಿಲ್ಲ. ಒಬ್ಬನೇ ಮಗ. ಅವನ ಹೆಂಡತಿಯಾಗುವವಳನ್ನು ನಾನೂ ನೋಡಬೇಕೆಂದು ಜೀವ ಒದ್ದಾಡುತ್ತಿತ್ತು. ಆದರೆ ನಾನು ಭಾವನ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ.

"ಹಿತ್ತಲಾಗ ಒಂದು ಕಲ್ಲು ನೋಡಿ ತೊಳಕೊಂಡು ಬಾರವ್ವ," ಎಂದರು ಅವರು.

ತೊಳೆದು ತಂದೆ. ನೆಗೆಣ್ಣಿ ಅದಕ್ಕೆ ಕುಂಕುಮ ಹಚ್ಚಿ, ಹಣ್ಣಿನ ಚೀಲದಲ್ಲಿಡು ಎಂದು ನನ್ನ ಕೈಗೇ ಕೊಟ್ಟಳು. ಈ ಕಲ್ಲು ಹೋಗಿ ನನ್ನ ಸೊಸೆಯ ಮುಂದೆ ಕೂರುತ್ತದೆ, ನಾನು ಮನೆಯಲ್ಲಿ ಕೂರಬೇಕು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಅದನ್ನು ನೀರಿನ ಹಂಡೆಯ ಹಿಂದೆ ಸರಿಸಿದೆ. ಬರೀ ಹಣ್ಣಿನ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ.

ಬಸ್ಸಿನ ಬಾಗಿಲಲ್ಲಿ ಭಾವ ಚೀಲ ತಡಕಿದರು.

"ಕಲ್ಲೆಲ್ಲೈತಿ?"

"ಮರ್ತು ಬಂದೆ ಕಾಣ್ತೈತ್ರಿ."

"ಹಣ್ಣು ಮರೀಲಿಲ್ಲ, ಅದನ್ನ ಮರ್ತ್ಯಾ?" ಎಂದಳು ನೆಗೆಣ್ಣಿ.

ಭಾವ ಸುತ್ತ ನೆಲ ನೋಡತೊಡಗಿದರು. ಕಂಡಕ್ಟರ್ ಸೀಟಿ ಊದಿ, "ಯಜಮಾನ್ರ, ಹತ್ರಿ. ಕಲ್ಲು ಹುಡಿಕ್ಯಾಡಾಕ ಇನ್ನೊಂದು ಬಸ್ಸಿಗೆ ಬರ್ರಿ," ಎಂದ. ಜನ ನಕ್ಕರು.

ನಿಮ್ಮಪ್ಪ ಮೆಟ್ಟಿಲ ಮೇಲೆ ನಿಂತಿದ್ದ. "ದೊಡ್ಡಪ್ಪ, ಅವ್ವ ಅದಾಳಲ್ಲ. ನಾಕ್ ಮಂದಿ ಆದ್ವಿ," ಎಂದ.

ಭಾವ ನನ್ನ ಕಡೆ ನೋಡಲಿಲ್ಲ. "ಅಲ್ಲಿ ಹೊರಗ ಕುಂದ್ರಬೇಕು ನೋಡವ್ವ," ಎಂದು ಹತ್ತಿದರು. ಹಿಂದೆ ನಾನೂ ಹತ್ತಿದೆ.

ದಾರಿಯುದ್ದಕ್ಕೂ ಭತ್ತದ ಗದ್ದೆ ಹಸಿರಾಗಿತ್ತು, ನನ್ನ ಕಣ್ಣಿಗೆ ಏನೂ ಹತ್ತಲಿಲ್ಲ. ಈ ಸಂಬಂಧ ಮುರಿದರೆ ನಾನು ಕಾಲಿಟ್ಟಿದ್ದಕ್ಕೇ ಮುರಿಯಿತು ಎನ್ನುತ್ತಾರೆ. ನನ್ನ ಆಸೆಗೆ ಮಗನ ಬಾಳಿಗೆ ಅಡ್ಡ ಬಂದೆನೇನೋ ಎಂದು ಅಂಜಿದೆ. ಕುರುಗೋಡಿನಲ್ಲಿ ಬಸ್ಸಿಳಿದು ಎಲ್ಲರ ಹಿಂದೆ ನಡೆದೆ.

ಹೆಣ್ಣಿನ ಮನೆಯ ಕಟ್ಟೆಯ ಮೇಲೆ ಕುಳಿತೆ. ಒಳಗೆ ಹುಡುಗಿಯ ಅಜ್ಜಿ ಮಂಚದ ಮೇಲಿದ್ದರು. ಅವರ ಹಣೆಯೂ ಬರಿದು.

"ಯಾಕ ಹೊರಗ ಕುಂತಿ? ಒಳಗ ಬಾ ಯವ್ವ. ಈ ಮನ್ಯಾಗ ನನ್ನ ಹೊರಗ ಕುಂದ್ರಿಸಿದವರನ್ನ ನಾ ಇನ್ನೂ ನೋಡಿಲ್ಲ."

ಭಾವ ಕೆಮ್ಮಿದರು, ಬೇಡ ಎನ್ನಲಿಲ್ಲ. ನಾನು ಒಳಗೆ ಹೋಗಿ ಬಾಗಿಲ ಪಕ್ಕ ಕುಳಿತೆ.

ನಿಮ್ಮವ್ವ ಚಹಾ ತಂದಳು. ಬರುವವರು ಮೂವರೇ ಎಂದು ಗೊತ್ತಿದ್ದರೂ ತಟ್ಟೆಯಲ್ಲಿ ಮೂರು ಲೋಟ ತರಬಾರದೆಂದು ನಾಲ್ಕು ತಂದಿದ್ದಳು. ಯಾರಿಗೂ ಅಲ್ಲದ ಆ ಲೋಟವನ್ನು ನನ್ನ ಕೈಗಿಟ್ಟು, "ಸಕ್ಕರಿ ಕಡಿಮಿ ಆಗಿದ್ರ ಹೇಳ್ರಿ," ಎಂದಳು. ಕಡಿಮೆ ಆಗಿತ್ತು. ಅವಳ ಮುಖ ನೋಡುತ್ತಾ ಪೂರಾ ಕುಡಿದೆ.

ಒಂದು ವಾರಕ್ಕೆ ಒಪ್ಪಿಗೆ ಬಂತು. ಭಾವ ಈಗ ಇಲ್ಲ. ಸಿರುಗುಪ್ಪದಲ್ಲಿರುವ ನೆಗೆಣ್ಣಿ ಇವತ್ತಿಗೂ, "ಈಕಿ ಕೈಯಾಗ ಏನೂ ಕೊಡಬ್ಯಾಡ್ರಿ, ಮರೀತಾಳ," ಎಂದು ಮಂದಿಯ ಮುಂದೆ ಆಡಿಕೊಳ್ಳುತ್ತಾಳೆ. ನಾನೂ ನಗುತ್ತೇನೆ. ನಾನು ಮರೆತಿರಲಿಲ್ಲ ಎಂಬುದು ನಿಮ್ಮಿಬ್ಬರಿಗೆ ಮಾತ್ರ ಗೊತ್ತು.

ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮವ್ವ ಓದಿದರೆ ಓದಲಿ. ಸಿರುಗುಪ್ಪದವರ ಕೈಗೆ ಮಾತ್ರ ಕೊಡಬೇಡಿ.