ಸಣ್ಣಕ್ಕನ ಹನ್ನೊಂದು ಸೆಕೆಂಡು

ನನ್ನ ಅಕ್ಷರ ಸೊಟ್ಟಗಿದೆ, ಪದಗಳೂ ಅಲ್ಲಲ್ಲಿ ತಪ್ಪಿರಬಹುದು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ಓದುವವರು ಮನ್ನಿಸಬೇಕು. ದಂಡಿಗನಹಳ್ಳಿಯ ಸಣ್ಣಕ್ಕನ ಬಗ್ಗೆ ಬರೆಯುತ್ತಿದ್ದೇನೆ.

ಗಂಡ ಸತ್ತಾಗ ಸಣ್ಣಕ್ಕನಿಗೆ ಇಪ್ಪತ್ನಾಲ್ಕು ವರ್ಷ, ಮಗಳು ಭಾನುಪ್ರಿಯಾಗೆ ಮೂರು. ಅಂದಿನಿಂದ ತೆಂಗಿನಕಾಯಿ ಮಂಡಿಯಲ್ಲಿ ಕೂಲಿ. ಕಾಯಿ ಎತ್ತಿ ಎತ್ತಿ ಅಂಗೈ ಒರಟಾಗಿದೆ. ಮಗಳನ್ನು ನರ್ಸಿಂಗ್ ಓದಿಸಿದರು. ಬೇರೆಯವರ ಮದುವೆಗೆ ಹೋದರೆ ಮುಂದೆ ಬರುತ್ತಿರಲಿಲ್ಲ. ಗಂಡ ಇಲ್ಲದವಳು ಎದುರಾದಳು ಎಂದು ಯಾರೂ ಅನ್ನಬಾರದೆಂದು ಬಾಗಿಲ ಮರೆಯಲ್ಲೇ ನಿಲ್ಲುತ್ತಿದ್ದರು. ಮಗಳ ಮದುವೆ ಬೌದ್ಧ ಪದ್ಧತಿಯಲ್ಲಿ ಆಯಿತು. ಅಲ್ಲಿ ಬುದ್ಧನ ಮೂರ್ತಿಯ ಮುಂದೆ ಅವರೇ ನಿಂತು ಗಂಡು ಹೆಣ್ಣಿನ ಕೈಗಳನ್ನು ಸೇರಿಸಿದರು.

ನಾನು ಚನ್ನರಾಯಪಟ್ಟಣದ ಧರ್ಮೇಂದ್ರಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಆ ದಿನದ ವಿಡಿಯೋದಲ್ಲಿ ಎಷ್ಟು ಹುಡುಕಿದರೂ ಆ ಗಳಿಗೆ ಸಿಗಲಿಲ್ಲ. ಸಣ್ಣಕ್ಕ ವೇದಿಕೆ ಹತ್ತುತ್ತಿದ್ದಂತೆ ನಮ್ಮ ಕ್ಯಾಮೆರಾದವರು ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿಬಿಟ್ಟಿದ್ದರು. ಬೇರೆ ಮದುವೆಗಳಲ್ಲಿ ವಿಧವೆಯರನ್ನು ತೆಗೆಯಬೇಡಿ ಅನ್ನುತ್ತಾರಂತೆ, ಅದೇ ರೂಢಿ.

ಉಳಿದದ್ದು ಸಣ್ಣಕ್ಕನ ಪಕ್ಕದ ಮನೆಯ ಅಭಿಷೇಕ್ ಫೋನನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ತೆಗೆದ ಹನ್ನೊಂದು ಸೆಕೆಂಡು. ಅಗಲದ ಪರದೆಗೆ ಹಾಕಿದರೆ ಅದು ನಡುವೆ ಕಿರಿದಾಗಿ ನಿಂತಿತು, ಎರಡು ಪಕ್ಕವೂ ಕಪ್ಪು.

ನಿನ್ನೆ ಮಧ್ಯಾಹ್ನ ಸಣ್ಣಕ್ಕನೇ ಬಂದರು. ಭಾನುವಾರ ಅರಕಲಗೂಡಿನ ಬೀಗರ ಮನೆಯಲ್ಲಿ ಎಲ್ಲರೂ ಟಿವಿಯಲ್ಲಿ ಮದುವೆ ನೋಡುವವರಿದ್ದಾರೆ.

“ಅದ್ರಲ್ಲಿ ನಾನು ಕಾಣ್ತೀನೇನವ್ವಾ?”

ತೋರಿಸಿದೆ.

“ಇದೇನವ್ವಾ, ಬಾಗ್ಲು ಸಂದೀಲಿ ಇಣುಕ್ದಂಗೈತೆ! ನನ್ ಮಗಳ ಮದ್ವೇಲೂ ನಾನು ಸಂದೀಲೇ ನಿಂತ್ಕಬೇಕಾ?”

“ಪರದೆ ತುಂಬ್ಸಮ್ಮಿ,” ಎಂದರು ಧರ್ಮೇಂದ್ರಣ್ಣ. “ಯಾಕಂಗೆ ಎದ್ರುಕತೀಯ? ಮೌಸೇನು ಕಚ್ಚಲ್ಲ ಕಣಮ್ಮಿ.”

ಚಿತ್ರವನ್ನು ದೊಡ್ಡದು ಮಾಡಿದೆ. ಪರದೆ ತುಂಬಿತು, ಆದರೆ ಮೇಲೆ ಕೆಳಗೆ ಕತ್ತರಿಸಿಹೋಯಿತು. ಚಿತ್ರವನ್ನು ಕೆಳಕ್ಕೆ ಎಳೆದರೆ ಮುಖ ಬಂತು, ಕೈಗಳು ಹೋದವು. ಮೇಲಕ್ಕೆ ಎಳೆದರೆ ಕೈಗಳು ಬಂದವು, ಮುಖ ಹೋಯಿತು. ಕೈಗಳಿಂದ ಮುಖಕ್ಕೆ ಮೆಲ್ಲಗೆ ಏರುವಂತೆ ಮಾಡಿ ನೋಡಿದೆ. ಮುಖ ಬರುವಷ್ಟರಲ್ಲಿ ವಿಡಿಯೋದಲ್ಲಿನ ಸಣ್ಣಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರು ನಕ್ಕಿದ್ದು ಕೈ ಸೇರಿಸಿದ ಆ ಎರಡು ಸೆಕೆಂಡು ಮಾತ್ರ. ಇಲ್ಲಿ ಸಣ್ಣಕ್ಕ ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು.

ಕೊನೆಗೆ ಅದೇ ಎರಡು ಸೆಕೆಂಡನ್ನು ಎರಡು ಸಲ ಇಟ್ಟೆ. ಮೊದಲು ಕೈಗಳು. ಮತ್ತೆ ಅದೇ ಗಳಿಗೆ, ನಿಧಾನವಾಗಿ, ಮುಖ.

ಸಣ್ಣಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದರು.

“ನಕ್ಕಿವ್ನಿ ನೋಡವ್ವಾ... ನಂಗೇ ಗೊತ್ತಿರ್ನಿಲ್ಲ. ಇದ್ನೇ ಕೊಡು.”

“ಎಲ್ಡ್ ಸಲ ಬಂದ್ರೆ ಏನೋ ತಪ್ಪಾಗದೆ ಅಂತಾರೆ ಬೀಗ್ರು. ಉತ್ರ ಯಾರು ಕೊಡೋದು?” ಎಂದರು ಧರ್ಮೇಂದ್ರಣ್ಣ.

“ಮಾಡಿರೋಳು ಈ ಮಗ. ಇವ್ಳೇ ಬಂದು ಯೋಳ್ಲಿ,” ಎಂದರು ಸಣ್ಣಕ್ಕ.

ಅಷ್ಟು ಜನರ ಮುಂದೆ ನಾನು ಬಾಯಿಬಿಟ್ಟವಳಲ್ಲ. ಆದರೂ ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಸಣ್ಣಕ್ಕನ ಜೊತೆ ಹೊರಟು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಅರಕಲಗೂಡಿಗೆ ಹೋಗುತ್ತೇನೆ.